ಕಬ್ಬಿಣಕ್ಕೂ ಸ್ಟೀಲಿಗೂ

ಬೆಸುಗೆ ತಣ್ಣಗಾಗುತ್ತಿದ್ದಂತೆ ಮತ್ತೆ ‘ಟಿಣ್’ ಎಂದಿತು. ಮೃತ್ಯುಂಜಯ ಬಗ್ಗಿ ನೋಡಿದ. ಅರಿಶಿನ ಬೇಯಿಸುವ ಸ್ಟೀಲ್ ಡ್ರಮ್ಮಿಗೆ ಹಬೆ ತರುವ ಕಬ್ಬಿಣದ ಕೊಳವೆ ಕೂಡುವ ಕಡೆ ಕೂದಲೆಳೆಯಂಥ ಬಿರುಕು. ನಿನ್ನೆಯೂ ಅಲ್ಲೇ ಬಿಟ್ಟಿತ್ತು.

ತೆರಕಣಾಂಬಿಯಲ್ಲಿ ಅವನು ಬೆಸೆದ ಗೇಟು, ಕಿಟಕಿ, ಟ್ರಾಲಿ ಯಾವುದೂ ಹೀಗೆ ಮಾಡಿದ್ದಿಲ್ಲ. ಅದೇ ಕೈ, ಅದೇ ರಾಡು. ಫೋನಿನಲ್ಲಿ ಒಬ್ಬ ಗೆಳೆಯ ಕೊಳವೆ ಚೆನ್ನಾಗಿ ಕಾಯಿಸಿ ಬೆಸುಗೆ ಹಾಕು ಎಂದ. ಇನ್ನೊಬ್ಬ ಕಾಯಿಸಿದರೇ ಕೆಡುವುದು ಎಂದ. ಇಬ್ಬರದೂ ಸರಿಯೆನಿಸಿ ಅವನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಊಟಕ್ಕೆ ಕರೆಯಲು ಬಂದ ಹೆಂಡತಿ ನಾಗಲಕ್ಷ್ಮಿ, “ಮ್ಯಾಲೆ ಪೇಂಟ್ ಬಳ್ದು ಕೊಟ್ಬುಡಿ. ಡ್ರಮ್ಮು ಕೊಟ್ಟಿರೋ ಶಾಂತಮಲ್ಲಪ್ಪೋರು ಅವಸರ ಮಾಡ್ತಾವ್ರೆ” ಎಂದಳು.

“ನಿಮ್ಮವ್ವ ಅರಿಶಿನ ಬೇಯ್ಸಕ್ಕೆ ಓಗೋದು ಅವ್ರ ತಾವೇ ಅಲ್ವ?”

ನಾಗಲಕ್ಷ್ಮಿ ಆಮೇಲೆ ಪೇಂಟಿನ ಮಾತೆತ್ತಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅವನು ಚಾಮರಾಜನಗರಕ್ಕೆ ಹೋದ. ವೆಲ್ಡಿಂಗ್ ಸಾಮಾನಿನ ಅಂಗಡಿಯ ವನಿತಾ ಕೇಳಿಸಿಕೊಂಡು, “ಮಾಮೂಲಿ ರಾಡ್ ಹಾಕ್ಬುಟ್ರಾ? ಕಬ್ಬಿಣ, ಸ್ಟೀಲು ಎರಡೂ ಕರಗಿ ಬೆರೆತು ಗಡುಸಾಯ್ತದೆ. ತಣ್ಣಗಾಗ್ತಾ ಸೀಳ್ತದೆ. ಎರಡಕ್ಕೂ ಹೊಂದೋ ತ್ರೀ ನಾಟ್ ನೈನ್ ರಾಡ್ ತಕೊಳಿ. ಹಳೇ ಬೆಸುಗೆ ಪೂರ್ತಿ ಉಜ್ಜಿ ತೆಗೀರಿ. ಕಾವು ಕಮ್ಮಿ ಇರ್ಲಿ, ಚೂರ್ ಚೂರೇ ಹಾಕಿ” ಎಂದಳು.

“ಮೊದ್ಲು ಕಾಯ್ಸೋದು ಬ್ಯಾಡ್ವ?”

“ತೆಳ್ಳನೆ ಕೊಳವೆಗೆ ಬ್ಯಾಡ. ದಪ್ಪ ಇದ್ರೆ ಬ್ಯಾರೆ ಮಾತು.”

ಊರಿಗೆ ಬಂದು ಹಾಗೆಯೇ ಮಾಡಿದ. ಸದ್ದಾಗಲಿಲ್ಲ. ಬೆಳಿಗ್ಗೆ ಎದ್ದವನೇ ಬೆರಳಾಡಿಸಿ ನೋಡಿದ, ಗೆರೆಯೂ ಇಲ್ಲ. ಆದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಒಡೆದದ್ದು ಕಣ್ಣಿಗೆ ಕಂಡಿತ್ತು. ಒಡೆಯುವುದಿಲ್ಲ ಎಂಬುದನ್ನು ಎಲ್ಲಿ ನೋಡುವುದು?

“ಸರಿಯಾಯ್ತೇನ್ಲಾ?” ಎಂದು ಶಾಂತಮಲ್ಲಪ್ಪ ಕೇಳಿದಾಗ, “ಆಗಿದೆ ಅನ್ಸ್ತದೆ ಕಣಣ್ಣ. ನಾನೂ ಬತ್ತೀನಿ” ಎಂದು ಡ್ರಮ್ಮಿನ ಜೊತೆ ಅವನೂ ಟ್ರಾಲಿ ಹತ್ತಿದ.

ಶಾಂತಮಲ್ಲಪ್ಪನ ಕಣದಲ್ಲಿ ಒಲೆ ಉರಿಯಿತು. ಹಬೆ ಬಿಡುವ ಹೊತ್ತಿಗೆ ಮೃತ್ಯುಂಜಯ ಕೊಳವೆಯ ಎದುರಿಗೇ ಹೋಗಿ ನಿಂತ. ಬುಟ್ಟಿ ಹೊತ್ತು ಬಂದ ಅತ್ತೆ ಸೋಮಮ್ಮ, “ಅಳಿಯಂದ್ರೆ, ಅತ್ತಾಗೆ ಬನ್ನಿ. ಅದು ನಾನು ನಿಂತ್ಕಳೋ ಜಾಗ” ಎಂದಳು.

“ಇದೊಂದ್ ಸರ್ತಿ ಬೇಯ್ಲಿ, ತಡೀರತ್ತೆ.”

ಕೊಳವೆ ಅದುರಿತು. ಬೆಸುಗೆಯಿಂದಲ್ಲ, ಡ್ರಮ್ಮಿನ ಮುಚ್ಚಳದ ಸಂದಿಯಿಂದ ಹಸಿ ಅರಿಶಿನದ ವಾಸನೆ ಹೊತ್ತ ಹಬೆಯೆದ್ದು ಅವನ ಮುಖ ಮುಚ್ಚಿತು. ಸೋಮಮ್ಮ ಬುಟ್ಟಿ ಇಳಿಸಿ, ದೂರದಲ್ಲಿ ಕೂತು, ಎಲೆಗೆ ಸುಣ್ಣ ಸವರತೊಡಗಿದಳು.