ಕೆರೆಮಣ್ಣಿನ ಬಸಳೆ

ಕಸದ ಗಾಡಿಯ ಸದ್ದು ಕೇಳಿ ಗೇಟಿಗೆ ಬಂದ ಖೈರುನ್ನಿಸಾಳ ಕಣ್ಣು ಪಕ್ಕದ ಮನೆಯ ಬಕೆಟ್ಟಿನ ಮೇಲೆ ಬಿತ್ತು. ನಿನ್ನೆ ತಾನು ಕೊಟ್ಟ ಬಸಳೆ. ಕಟ್ಟು ಬಿಚ್ಚಿರಲೇ ಇಲ್ಲ.

ಕಾಟಿಪಳ್ಳದ ಈ ಓಣಿಯಲ್ಲಿ ಮನೆ ಮಾಡಿದಂದಿನಿಂದ ಅವಳಿಗೂ ಪಕ್ಕದ ಮನೆಯ ಮಟಿಲ್ಡಾ ಬಾಯಿಗೂ ಕಾಂಪೌಂಡಿನ ಮೇಲಿಂದಲೇ ಕೊಡುಕೊಳ್ಳುವ ಬಳಕೆ. ಕಳೆದ ವಾರ ಮಾತ್ರ ಬಾಯಿ, "ಬಸಳೆ ನಂಜು, ಖೈರುನ್ನಿಸಾ. ರೈಹಾನಾಗೂ ಕೊಡಬೇಡ" ಎಂದಿದ್ದರು. ಗಾಯವಾದವರು ಕೀವಾದೀತೆಂದು ಬದನೆ, ಬಂಗುಡೆಯನ್ನು ನಂಜೆಂದು ಬಿಡುವುದುಂಟು. ಬಾಯಿಗೆ ಗಾಯವೆಲ್ಲಿದೆ? ಹೆರಿಗೆಗೆ ಬಂದ ಮಗಳು ರೈಹಾನಾಗೆ ಸೊಪ್ಪು ಕೊಡಬೇಡ ಎಂದು ನರ್ಸ್ ಆಗಿದ್ದವರು ಹೇಳುವುದೇ?

ಅನುಮಾನಕ್ಕೆ ಮೇವು ತಾನಾಗಿ ಸಿಗುತ್ತದೆ. ಮೊನ್ನೆ ಕರೆದರೂ ಬಾಯಿ ಊಟಕ್ಕೆ ಬರಲಿಲ್ಲ. ರೈಹಾನಾಳನ್ನು ಕಂಡರೆ ಏನೋ ಹೇಳಲು ಹೋಗಿ ನುಂಗುತ್ತಾರೆ. ಕಾಲ ಹೀಗಿದೆ, ಇವರಿಗೂ ನಮ್ಮ ಕೈಯದು ಬೇಡವಾಯಿತೇ?

ಅವಳು ನೇರ ಹೋಗಿ ಅವರ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ನಮ್ಮ ಮನೆಯದ್ದು ಬೇಡದಿದ್ದರೆ ಹೇಳಿ ಬಾಯಿ. ಕಸಕ್ಕೆ ಯಾಕೆ?"

"ನಂಜು ಅಂತ ಹೇಳಿದೆ ಅಲ್ಲ ಮಾರಾಯ್ತಿ!"

"ಯಾರಿಗೆ ಗಾಯ ಉಂಟು ಇಲ್ಲಿ?"

ಮಟಿಲ್ಡಾ ಹಣೆ ಚಚ್ಚಿಕೊಂಡರು. "ಗಾಯದ ನಂಜು ಅಲ್ಲ. ವಿಷ! ಬುಡಕ್ಕೆ ಹಾಕಿದ್ದೀರಲ್ಲ ಕೆರೆಯ ಹೂಳು, ಅದರಲ್ಲಿ ಸೀಸ ಉಂಟು, ಕ್ಯಾಡ್ಮಿಯಂ ಉಂಟು. ನಮ್ಮ ಮೊಮ್ಮಗಳು ಶರೊನ್ ಕಲಿಯುವ ಕಾಲೇಜಿನವರು ಪರೀಕ್ಷೆ ಮಾಡಿಸಿದ್ದಾರೆ."

"ಕೆರೆಯ ನೀರು ಕನ್ನಡಿ ಹಾಗೆ ಉಂಟಲ್ಲ?"

"ಮೇಲೆ ಕನ್ನಡಿಯೇ. ಬೈಕಂಪಾಡಿಯ ಫ್ಯಾಕ್ಟರಿ ಶೆಡ್‌ಗಳಿಂದ ಹರಿದು ಬಂದದ್ದು ತಳದಲ್ಲಿ ಕೂತುಬಿಡ್ತದೆ. ಅದು ಕೊಳೆಯುವುದಿಲ್ಲ. ಹುಳ ತಿಂದರೆ ಹುಳಕ್ಕೆ, ಮೀನು ತಿಂದರೆ ಮೀನಿಗೆ, ಮೀನಿನಿಂದ ಕೊಕ್ಕರೆಗೆ. ಹೂಳು ಮೇಲೆ ತೆಗೆದು ಬುಡಕ್ಕೆ ಹಾಕಿದರೆ ಸೊಪ್ಪಿಗೆ. ಬಸುರಿಯ ಹೊಟ್ಟೆಗೆ ಹೋದರೆ ಮಗುವಿಗೆ."

ಖೈರುನ್ನಿಸಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇದನ್ನು ಬಿಡಿಸಿ ಹೇಳಬಾರದಿತ್ತಾ?"

"ನಿನ್ನ ಗಂಡ ಕಮರುದ್ದೀನ್ ಲಾರಿಯಲ್ಲಿ ತರಿಸಿ ಓಣಿಗೆಲ್ಲ ಹಂಚಿದ ಮಣ್ಣು. ಅವರಿಗೆ ಬೇಜಾರಾಗ್ತದೆ, ನೀನು ನನ್ನನ್ನೇ ಸಂಶಯ ಮಾಡ್ತಿ ಅಂತ ಹೆದರಿದೆ."

ಸಂಶಯ ಮಾಡಿಯಾಗಿತ್ತು.

ವಿಷಯ ಕೇಳಿ ಮನೆಯಲ್ಲಿ ಕಮರುದ್ದೀನ್ ನಕ್ಕುಬಿಟ್ಟ. "ಆ ಕೆರೆಯಲ್ಲಿ ಈಜಿ ದೊಡ್ಡವನಾದವ ನಾನು. ಸತ್ತಿದ್ದೇನಾ?"

"ನೀವು ಈಜುವಾಗ ಅಷ್ಟು ಫ್ಯಾಕ್ಟರಿ ಇತ್ತಾ?"

"ಫ್ಯಾಕ್ಟರಿ ಬೇಡ ಅಂದ್ರೆ ಅಲ್ಲಿ ದುಡಿಯುವವರು ಎಲ್ಲಿಗೆ ಹೋಗಬೇಕು?"

"ದುಡಿಯಲಿ. ಕೊಳಚೆ ಕೆರೆಗೆ ಯಾಕೆ ಬಿಡಬೇಕು?"

ಒಳಗೆ ರೈಹಾನಾ ಕೆಮ್ಮಿದಳು. ಅವನ ನಗು ನಿಂತಿತು. ಬಸಳೆ ಚಪ್ಪರದ ಕಡೆ ನೋಡಿ, "ಕಿತ್ತು ಬಿಡುವ" ಎಂದ. "ಮಗಳನ್ನು ಡಾಕ್ಟರಿಗೂ ತೋರಿಸುವ. ಆದರೆ ಊರಿಗೆಲ್ಲ ಹೇಳುತ್ತಾ ಹೋಗಬೇಡ. ಕೊಟ್ಟದ್ದು ನಾವು. ಎಂತ ಮುಖ ಇಟ್ಟುಕೊಂಡು ಹೇಳುವುದು?"

"ಇದೇ ಮುಖ ಇಟ್ಟುಕೊಂಡು" ಎಂದು ಖೈರುನ್ನಿಸಾ ಶಾಲು ತಲೆಗೆಳೆದುಕೊಂಡು ಹೊರಟಳು.

ಓಣಿಯ ತಿರುವಿನಲ್ಲಿ ಆಮ್ನಾಳ ಮನೆ. ಖೈರುನ್ನಿಸಾ ಕೊಟ್ಟ ಬಳ್ಳಿ, ಅವಳೇ ಕಳಿಸಿದ ಮಣ್ಣು. ಆಮ್ನಾಳ ಚಪ್ಪರ ಕೊಟ್ಟವಳ ಚಪ್ಪರಕ್ಕಿಂತಲೂ ಸೊಂಪಾಗಿತ್ತು. ಆಮ್ನಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸಳೆ ದಂಟು ಮುರಿಯುತ್ತಿದ್ದಳು.

"ಅದನ್ನು ತಿನ್ನಬೇಡ ಆಮ್ನಾ. ಮಗುವಿಗಂತೂ ಕೊಡಲೇಬೇಡ."

ಆಮ್ನಾಳ ಕೈ ನಿಂತಿತು. ಅವಳು ತನ್ನ ಚಪ್ಪರವನ್ನೂ ಖೈರುನ್ನಿಸಾಳನ್ನೂ ಒಮ್ಮೆ ನೋಡಿದಳು. "ಯಾಕೆ ಮಾಮಿ? ನಿಮ್ಮದಕ್ಕಿಂತ ಚೆನ್ನಾಗಿ ಬಂದದ್ದು ನೋಡಿ ಹೊಟ್ಟೆಕಿಚ್ಚಾ?"

ಬೆಳಿಗ್ಗೆಯಾಗಿದ್ದರೆ ಖೈರುನ್ನಿಸಾ ಮುನಿಸಿಕೊಂಡು ತಿರುಗಿ ಹೋಗುತ್ತಿದ್ದಳು. ಈಗ ಮೆಟ್ಟಿಲ ಮೇಲೆ ಕುಳಿತು ಮಗುವಿಗೆ ಕೈ ಚಾಚಿದಳು.

"ಅವನನ್ನು ಇಲ್ಲಿ ಕೊಡು. ನೀನೂ ಕೂತುಕೋ. ಎಲ್ಲ ಬಿಡಿಸಿ ಹೇಳ್ತೇನೆ."