ಸರಿಮಾಡಿದ ತೂತುಗಳು

ಅಂಗಡಿಬೀದಿಯವರು ಅವನಿಗೆ ಇಟ್ಟ ಹೆಸರು ಮೆರುಗಪ್ಪ. ಕಲ್ಲಾಗಲಿ, ಕೊಂಬಾಗಲಿ, ಕೋಟಿನ ಹಳೇ ಗುಂಡಿಯಾಗಲಿ, ಅವನ ಕೈಗೆ ಸಿಕ್ಕಿದ್ದು ಮಿರಮಿರ ಮಿಂಚದೆ ಹೊರಗೆ ಹೋಗುವಂತಿರಲಿಲ್ಲ. "ಇವರ ಮುಂದೆ ಬೋಳುತಲೆಯವರು ಬಂದು ಕೂತರೆ ನನಗೆ ಎದೆ ಢವಗುಟ್ಟುತ್ತೆ" ಎಂದು ಅವನ ಹೆಂಡತಿ ನಗುತ್ತಿದ್ದಳು. ಅವನಿಗೆ ಎಲ್ಲಕ್ಕಿಂತ ಪ್ರೀತಿ ಅಂಬರ್ ಮೇಲೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಯಾವುದೋ ಮರದಿಂದ ಒಸರಿದ ಅಂಟು, ಮಣ್ಣಿನಡಿ ಬಿದ್ದು ಕಲ್ಲಿನಂತೆ ಗಟ್ಟಿಯಾದದ್ದು ಅದು. ಹೊರಗೆ ಮಂಕಾದ ಒರಟು ಸಿಪ್ಪೆ, ಒಳಗೆ ಜೇನಿನ ಬಣ್ಣ. ಆ ಸಿಪ್ಪೆಯನ್ನು ಉಜ್ಜಿ ತೆಗೆದು ಮಣಿ ಮಾಡುವುದೇ ಮೂವತ್ತು ವರ್ಷದಿಂದ ಅವನ ಹೊಟ್ಟೆಪಾಡು.

ಅಕ್ಕ ಓದಿದವಳು. ಮ್ಯೂಸಿಯಂನಲ್ಲಿ ಕೆಲಸ; ವರ್ಷದಲ್ಲಿ ಆರು ತಿಂಗಳು ಎಲ್ಲೆಲ್ಲೋ ಹಳೆಯ ಸಮಾಧಿಗಳನ್ನು ಅಗೆಯುತ್ತ ಕೂರುವವಳು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ. ಯಾರ ಹಂಗೂ ಬೇಡವೆನ್ನುವ ಸ್ವಭಾವ. ಬಾಗಿಲ ಕೀಲು ಸರಿಮಾಡುತ್ತೇನೆ ಎಂದರೆ "ಬೇಡ ಬಿಡೋ." ಕನ್ನಡಕದ ಕಡ್ಡಿ ಕೂಡಿಸುತ್ತೇನೆ ಎಂದರೆ "ಬೇಡ ಬಿಡೋ." ಅವಳಿಲ್ಲದಾಗ ಸದ್ದಿಲ್ಲದೆ ಮಾಡಿಟ್ಟರೆ ಮಾತ್ರ, ಬಂದು ನೋಡಿ ಮುಖ ಅರಳಿಸುವಳು. ಹೀಗಾಗಿ ಅಕ್ಕ ಬೇಡವೆಂದರೆ ಅದನ್ನು ಕಿವಿಗೆ ಹಾಕಿಕೊಳ್ಳಬಾರದು ಎಂಬ ಪಾಠವನ್ನು ಅವನು ಚಿಕ್ಕಂದಿನಲ್ಲೇ ಕಲಿತುಬಿಟ್ಟಿದ್ದ. ತಪ್ಪು ಪಾಠ. ಅದು ಗೊತ್ತಾಗುವ ಹೊತ್ತಿಗೆ ಅವನಿಗೆ ಐವತ್ತು ದಾಟಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ಅವನ ಕಾರ್ಖಾನೆಗೆ ಬಂದಳು. ಕಾರ್ಖಾನೆ ಎಂದರೆ ಏನು ಮಹಾ, ಒಂದು ಕಿಟಕಿ, ಒಂದು ಸಾಣೆಚಕ್ರ, ಧೂಳು ಹಿಡಿದ ಎರಡು ಸ್ಟೂಲು. ಅವಳು ಹತ್ತಿ ತುಂಬಿದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಇಪ್ಪತ್ತಮೂರು ಅಂಬರ್ ಮಣಿ, ಎಲ್ಲವೂ ಕಂದಿ ಕರಕಲಾದಂತಿದ್ದವು.

"ಮೂರು ವರ್ಷದ ಹೆಣ್ಣುಮಗುವಿನ ಸಮಾಧಿಯಲ್ಲಿ ಸಿಕ್ಕಿದ್ದು ಕಣೋ. ಕತ್ತಿನ ಹತ್ತಿರ. ತೂತನ್ನ ಒಂದೇ ಕಡೆಯಿಂದ ಕೊರೆದಿದಾರಾ, ಎರಡೂ ಕಡೆಯಿಂದ್ಲಾ, ನೋಡಿ ಹೇಳು. ನಿನ್ನ ಕಣ್ಣು ನಮ್ಮೋರಿಗೆ ಯಾರಿಗೂ ಇಲ್ಲ."

ಅವನಿಗೆ ಎದೆ ಉಬ್ಬಿತು. ಅಕ್ಕ ತನ್ನ ಕೆಲಸದ ವಿಷಯ ಅವನ ಹತ್ತಿರ ಬಾಯಿಬಿಟ್ಟದ್ದೇ ಅದು ಮೊದಲು.

"ಬಿಟ್ಟು ಹೋಗು ಅಕ್ಕ, ಸಮಾಧಾನವಾಗಿ ನೋಡ್ತೀನಿ."

"ಬಿಟ್ಟು ಹೋಗೋ ಹಾಗಿಲ್ಲ. ಆದ್ರೆ ಈಗ ಬಸ್ಸಿಗೆ ಹೊತ್ತಾಯ್ತು, ಫೋಟೋ ತೆಗೆಯೋ ಮೇಡಂನ ಕರ್ಕೊಂಡು ಬರ್ಬೇಕು. ಸೋಮವಾರ ಬರ್ತೀನಿ. ನೋಡಿಟ್ಟಿರು ಅಷ್ಟೇ. ಏನೂ ಮಾಡೋದು ಬೇಡ."

"ಯಾಕಕ್ಕ ಇಷ್ಟು ಅವಸರ?"

"ನಮ್ಮ ಮುಖ್ಯಸ್ಥರಿಗೂ ನನಗೂ ಇದರ ಮೇಲೆ ದೊಡ್ಡ ಜಗಳ. ನಾನು ರಿಟೈರ್ ಆಗೋದ್ರೊಳಗೆ ಒಂದು ಮಾತು ತೋರಿಸಿಕೊಟ್ಟು ಹೋಗ್ಬೇಕು. ಬಂದು ಹೇಳ್ತೀನಿ ಬಿಡು."

ಆಗಲೇ ಹೇಳಿದ್ದರೆ! ಐದು ನಿಮಿಷದ ಮಾತು. ತಮ್ಮನಿಗೆ ತಿಳಿಯದು ಎಂದೇನಲ್ಲ, ಅವನನ್ನು ಕೂರಿಸಿಕೊಂಡು ಹೇಳುವ ಅಭ್ಯಾಸ ಅವಳಿಗೆ ಇರಲಿಲ್ಲ.

ಶುಕ್ರವಾರವಿಡೀ ಅವನು ಬರೇ ನೋಡಿದ. ತೂತು ಎರಡೂ ಕಡೆಯಿಂದ ಕೊರೆದದ್ದು ಎಂದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಕೆಲಸ ಅಲ್ಲಿಗೆ ಮುಗಿದಿತ್ತು. ಶನಿವಾರ ಕೈ ಸುಮ್ಮನಿರಲಿಲ್ಲ. ಒಳಗೆ ಏನಿದೆಯೋ ಎಂದು ಒಂದು ಮಣಿಯ ಮೂಲೆಯಲ್ಲಿ ಕಡಲೆಯಷ್ಟು ಜಾಗ ಉಜ್ಜಿದ; ಕಸುಬಿನವರು ಇದಕ್ಕೆ ಕಿಟಕಿ ತೆಗೆಯುವುದು ಎನ್ನುತ್ತಾರೆ. ಕಿಟಕಿಯೊಳಗೆ ಒಂದು ಸೊಳ್ಳೆ, ಕಾಲು ಮೀಸೆ ಸಮೇತ, ಈಗ ತಾನೇ ಕೂತಂತೆ ಕೂತಿತ್ತು. ಅವನು ಹೆಂಡತಿಯನ್ನು ಕೂಗಿ ಕರೆದ.

"ಅತ್ತಿಗೆ ಏನೂ ಮಾಡಬೇಡ ಅಂದಿದ್ರು, ಅಲ್ವೇನ್ರೀ?" ಎಂದಳು ಅವಳು.

"ಅಕ್ಕ ಯಾವಾಗ ಬೇಕು ಅಂದಿದಾಳೆ ಹೇಳು" ಎಂದ ಅವನು.

ಭಾನುವಾರ ಸಂಜೆಯ ಹೊತ್ತಿಗೆ ಇಪ್ಪತ್ತಮೂರೂ ಮಣಿಗಳು ಜೇನಿನ ಹನಿಗಳಾಗಿದ್ದವು. ಅಷ್ಟಕ್ಕೇ ಬಿಡಲಿಲ್ಲ ಮಹಾರಾಯ. ಪ್ರತಿ ಮಣಿಯ ತೂತೂ ಒಂದು ಪಕ್ಕಕ್ಕೆ ಎಳೆದುಕೊಂಡಂತೆ ಸೊಟ್ಟಗಿತ್ತು. ಸೊಟ್ಟ ತೂತಿನ ಮಣಿ ಅವನ ಅಂಗಡಿಯಿಂದ ಹೊರಗೆ ಹೋದದ್ದೇ ಇಲ್ಲ. ಪಾಪ, ಕೊರೆದವನ ಕೈ ನಡುಗುತ್ತಿತ್ತೇನೋ ಎಂದು ಮರುಗುತ್ತ, ಸಣ್ಣ ಅರ ಹಿಡಿದು ಒಂದೊಂದೇ ತೂತನ್ನು ಗುಂಡಗೆ ಮಾಡಿದ. ಅಕ್ಕನ ಕೆಲಸದಲ್ಲಿ ತನ್ನ ಕೈಯೂ ಸೇರಿತು ಎಂಬ ಸಂತೋಷದಲ್ಲಿ ಆ ದಿನ ಅವನಿಗೆ ಊಟ ಸೇರಲಿಲ್ಲ.

ಸೋಮವಾರ ಅಕ್ಕ, ಫೋಟೋದ ಮೇಡಂ ಇಬ್ಬರೂ ಬಂದರು. ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟ ಮಣಿಗಳನ್ನು ನೋಡಿ ಅಕ್ಕ ಬಾಗಿಲಲ್ಲೇ ನಿಂತಳು. ಆಮೇಲೆ ಒಂದನ್ನು ಎತ್ತಿ ಕಿಟಕಿಗೆ ಹಿಡಿದಳು.

"ತೂತು?" ಎಂದಳು.

"ಎಲ್ಲಾ ಒಂದು ಕಡೆಗೆ ಎಳ್ಕೊಂಡಿದ್ವು ಅಕ್ಕ. ಸರಿಮಾಡಿದೀನಿ. ಸೊಳ್ಳೆ ನೋಡು ಇಲ್ಲಿ, ಈ ಏಳನೇದ್ರಲ್ಲಿ..."

ಮೇಡಂ ಹೊರಗೆ ತೆಗೆದಿದ್ದ ಕ್ಯಾಮೆರಾವನ್ನು ಮತ್ತೆ ಚೀಲದೊಳಗೆ ಇಟ್ಟರು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಣ್ಣ ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು.

"ಕೊರೆದೋನ ತಪ್ಪಲ್ಲ ಕಣೋ ಅದು. ದಾರ ಜಗ್ಗಿ ಜಗ್ಗಿ ಸವೆದಿದ್ದು. ಮೂರು ವರ್ಷದ ಮಗು ಹಾಕ್ಕೊಂಡ್ರೆ ಅಷ್ಟು ಸವೆಯಲ್ಲ. ಅಜ್ಜಿ, ಅವಳ ಅಮ್ಮ, ಯಾರ್ಯಾರು ಹಾಕ್ಕೊಂಡಿದ್ರೋ. ಆ ಮಗು ಸತ್ತಾಗ ಯಾರೋ ತಮ್ಮ ಕತ್ತಿಂದ ಬಿಚ್ಚಿ ಅದಕ್ಕೆ ಹಾಕಿದಾರೆ. ನಮ್ಮ ಮುಖ್ಯಸ್ಥರು, ಸಮಾಧಿಗೆ ಅಂತ ಹೊಸದಾಗಿ ಮಾಡಿದ ಸರ ಅಂತಾರೆ. ಅಲ್ಲ ಅಂತ ಇವತ್ತು ಫೋಟೋ ತೆಗೆಸೋಳಿದ್ದೆ."

"ಮೊದಲೇ ತೆಗೆದ ಫೋಟೋ ಇಲ್ವಾ?"

"ಅದ್ರಲ್ಲಿ ತೂತಿನ ತುಂಬ ಮಣ್ಣು. ಮಣ್ಣು ಬಿಡಿಸಿದ್ದೇ ಗುರುವಾರ."

ಅವನು ಆ ಗಳಿಗೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಮ್ಯೂಸಿಯಂಗೆ ಓಡುವವನಿದ್ದ. "ನಾನು ಹೇಳ್ತೀನಿ ಅಕ್ಕ. ನನ್ನ ಕಣ್ಣಾರೆ ನೋಡಿದೀನಿ. ಬೇಕಾದ್ರೆ ಬರೆದು ಸಹಿ ಹಾಕಿಕೊಡ್ತೀನಿ."

"ಯಾರು ನಂಬ್ತಾರೋ? ತಮ್ಮನ ಮಾತು, ಅದೂ ಉಜ್ಜಿದ ತಮ್ಮನ ಮಾತು" ಎಂದಳು ಅಕ್ಕ. ಡಬ್ಬಿ ಮುಚ್ಚಿ ಹೊರಟುಹೋದಳು.

ಮಣಿಗಳು ತನ್ನ ಅಚಾತುರ್ಯದಿಂದ ಹಾಳಾದವು ಎಂದು ಅವಳೇ ಬರೆದುಕೊಟ್ಟಳಂತೆ. ತಮ್ಮನ ಸುದ್ದಿ ಎತ್ತಲಿಲ್ಲ. ಉಳಿದ ಏಳು ತಿಂಗಳ ನೌಕರಿಯನ್ನು ಉಗ್ರಾಣದಲ್ಲಿ ಚೀಟಿ ಅಂಟಿಸುತ್ತ ಕಳೆದಳು.

ಮಾರನೆಯ ವರ್ಷ ಮಣಿಗಳನ್ನು ಪ್ರದರ್ಶನಕ್ಕೆ ಇಟ್ಟರು. ಅಕ್ಕನೇ ಅವನನ್ನು ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯ ಮುಂದೆ ಜನ ಮುಗಿಬಿದ್ದಿದ್ದರು, ಎಲ್ಲರಿಗೂ ಸೊಳ್ಳೆ ನೋಡುವ ಆತುರ. ಕೋಟಿ ವರ್ಷ ಹಳೆಯ ಸೊಳ್ಳೆ ಉಳಿದುಕೊಂಡಿತು, ಅಜ್ಜಿ ಹೋದಳು. ಪಕ್ಕದ ಫಲಕದಲ್ಲಿ ಹೀಗೆ ಬರೆದಿತ್ತು: "ಮಗುವಿನ ಸಮಾಧಿಗೆಂದೇ ಹೊಸದಾಗಿ ತಯಾರಿಸಿದ ಸರ. ಯಾರೂ ಧರಿಸಿದ ಗುರುತುಗಳಿಲ್ಲ." ಮುಂದೆ ನಿಂತ ಹೆಂಗಸೊಬ್ಬಳು, "ಎಷ್ಟು ಅಚ್ಚುಕಟ್ಟು ನೋಡ್ರೀ, ಒಂದು ಗೀರೂ ಇಲ್ಲ" ಎಂದು ಗಂಡನಿಗೆ ತೋರಿಸುತ್ತಿದ್ದಳು. ಮೂವತ್ತು ವರ್ಷ ಯಾವ ಹೊಗಳಿಕೆಗಾಗಿ ಬಾಯಿಬಿಟ್ಟುಕೊಂಡು ಕಾದಿದ್ದನೋ ಅದು ಕಿವಿಗೆ ಬಿದ್ದಾಗ ಅವನಿಗೆ ಅಲ್ಲೇ ನೆಲಕ್ಕಿಳಿದು ಹೋಗಬೇಕೆನ್ನಿಸಿತು.

ಹೊರಗೆ ಮೆಟ್ಟಿಲ ಮೇಲೆ ಕೂತರು. ಅಕ್ಕ ಚೀಲದಿಂದ ಪುಸ್ತಕ ತೆಗೆದಳು. ಪುಟದ ಮೇಲೆ ಒಂದರಿಂದ ಇಪ್ಪತ್ತಮೂರರವರೆಗೆ ಅಂಕಿ ಹಾಕಿ, ಎದುರಿಗೆ ಜಾಗ ಖಾಲಿ ಬಿಟ್ಟಿದ್ದಳು.

"ಯಾರಿಗೂ ತೋರಿಸೋಕಲ್ಲ. ನನಗೋಸ್ಕರ. ನಾನು ಗುರುವಾರ ಮಣ್ಣು ಬಿಡಿಸೋವಾಗ ಐದಾರನ್ನಷ್ಟೇ ಸರಿಯಾಗಿ ನೋಡಿದ್ದು. ನೀನು ಎಲ್ಲಾನೂ ಕೈಯಲ್ಲಿ ಹಿಡಿದಿದೀಯ. ಒಂದೊಂದು ತೂತೂ ಎಷ್ಟು ಸವೆದಿತ್ತು, ಯಾವ ಕಡೆಗೆ, ನೆನಪಿದ್ದಷ್ಟು ಹೇಳು."

ಅವನು ಕಣ್ಣುಮುಚ್ಚಿದ. ಅರದ ಸದ್ದು ನೆನಪಿತ್ತು. ಹೊಳಪು ಬಂದದ್ದು ನೆನಪಿತ್ತು. ಸುಳ್ಳು ಹೇಳಬಹುದಿತ್ತು, ಇಪ್ಪತ್ತಮೂರು ಸುಳ್ಳು ಕೇಳಿದರೂ ಅಕ್ಕ ಅಕ್ಕರೆಯಿಂದ ಬರೆದುಕೊಳ್ಳುತ್ತಿದ್ದಳು.

"ನಾನು ನೋಡಲೇ ಇಲ್ಲ ಅಕ್ಕ" ಎಂದ. "ಸೊಟ್ಟಗಿದೆ ಅಂತ ಕಂಡಿದ್ದೇ ತಡ, ಹೇಗೆ ಸರಿಮಾಡೋದು ಅಂತಷ್ಟೇ ನೋಡ್ತಿದ್ದೆ."

ಅಕ್ಕ ಪೆನ್ನಿಗೆ ಕ್ಯಾಪ್ ಹಾಕಿ, ಪುಸ್ತಕವನ್ನು ಚೀಲಕ್ಕೆ ಸೇರಿಸಿ, ಏಳಲು ಅವನ ಭುಜ ಹಿಡಿದುಕೊಂಡಳು.