ಹದಿನೆಂಟು ಅಂಗುಲದ ಹಲಗೆ

ಹಳದಿ ಸ್ವೆಟರನ್ನು ಮೇಸ್ತ್ರಿ ಎಡಗಡೆಯ ರಾಶಿಗೆ ಹಾಕಿದ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಎತ್ತಿ ಬಲಗಡೆಗೆ ಹಾಕಿದ. ಎಡಗಡೆಯದು ಗಾಡಿಗೆ, ಬಲಗಡೆಯದು ಯಾರಿಗಾದರೂ ಕೊಡುವುದಕ್ಕೆ. ಬೆಳಿಗ್ಗೆಯಿಂದ ಆ ಸ್ವೆಟರು ಮಂಚದ ಈ ಬದಿಯಿಂದ ಆ ಬದಿಗೆ ಆರು ಸಲ ಓಡಾಡಿತ್ತು. ಹೆಂಡತಿ ಇದನ್ನು ಯಾವತ್ತು ಹಾಕಿಕೊಂಡಿದ್ದಳು ಎಂದು ಎಷ್ಟು ತಲೆ ಕೆರೆದುಕೊಂಡರೂ ಅವನಿಗೆ ನೆನಪಾಗಲಿಲ್ಲ. ಹಾಕಿಕೊಂಡೇ ಇರಲಿಲ್ಲವೋ, ತಾನು ನೋಡಿಯೇ ಇರಲಿಲ್ಲವೋ, ಅದೂ ಗೊತ್ತಾಗಲಿಲ್ಲ.

ನಲವತ್ತು ವರ್ಷ ಲಾರಿಗಳಿಗೆ ಬಾಡಿ ಕಟ್ಟಿದ ಕೈ ಅವನದು. ಕಳೆದ ಒಂದು ವರ್ಷದಿಂದ ಆ ಕೈ ಹಳೆಯ ಶಾಲಾ ವ್ಯಾನೊಂದನ್ನು ಮನೆಯಾಗಿ ಮಾಡುತ್ತಿತ್ತು. ಮಡಚುವ ಮಂಚ, ಒಲೆ, ನೀರಿನ ಟ್ಯಾಂಕು, ಕಿಟಕಿಗೆ ಪರದೆ, ಎಲ್ಲ ಕೂತಿತ್ತು. ಭಾನುವಾರ ಬಾಡಿಗೆ ಮನೆಯ ಕೀಲಿ ಕೊಟ್ಟು ಹೊರಟರೆ ಆಯಿತು, ಆಮೇಲೆ ಇಬ್ಬರಿಗೂ ಅದೇ ಮನೆ, ಎಲ್ಲಿ ನಿಲ್ಲಿಸಿದರೆ ಅದೇ ಊರು. ಬಟ್ಟೆಗೆ ಒಬ್ಬೊಬ್ಬರಿಗೆ ಒಂದೊಂದು ಹಲಗೆ, ಹದಿನೆಂಟು ಅಂಗುಲ ಅಗಲ. ಮಡಚಿಟ್ಟರೆ ಹದಿನಾಲ್ಕು ಬಟ್ಟೆ ಹಿಡಿಯುತ್ತದೆ. ಹದಿನೈದನೆಯದನ್ನು ಇಟ್ಟರೆ ಬಾಗಿಲು ಹಾಕಲು ಬರುವುದಿಲ್ಲ ಎಂಬುದನ್ನು ಅವನು ತನ್ನ ಅಂಗಿಗಳನ್ನೇ ತುರುಕಿ ಪರೀಕ್ಷೆ ಮಾಡಿದ್ದ.

ಒಬ್ಬರ ಬಟ್ಟೆ ಇನ್ನೊಬ್ಬರು ಆರಿಸುವುದೆಂಬ ಉಪಾಯ ಹೆಂಡತಿಯದು. "ನಮ್ಮ ಬಟ್ಟೆ ಬಿಸಾಡೋಕೆ ನಮಗೇ ಮನಸ್ಸು ಬರಲ್ಲ ರೀ. ನಿಮ್ಮದು ನಾನು ನೋಡ್ತೀನಿ, ನನ್ನದು ನೀವು ನೋಡಿ," ಎಂದಿದ್ದಳು. ಅವನದನ್ನು ಅವಳು ಒಂದು ಲೋಟ ಟೀ ಆರುವಷ್ಟರಲ್ಲಿ ಮುಗಿಸಿದಳು. "ಗ್ರೀಸಿನ ಕಲೆ ಇರೋದನ್ನೆಲ್ಲ ತೆಗೆದ್ರೆ ನೀವು ಬರೀ ಮೈಯಲ್ಲಿ ಗಾಡಿ ಓಡಿಸ್ಬೇಕಾಗುತ್ತೆ," ಎಂದು ನಕ್ಕು, ಸ್ವಲ್ಪ ಕಡಿಮೆ ಕಲೆ ಇದ್ದ ಹದಿನಾಲ್ಕನ್ನು ಉಳಿಸಿದ್ದಳು. ಅವಳ ಬೀರು ಮಾತ್ರ ಮೂರು ದಿನದಿಂದ ಮೇಸ್ತ್ರಿಯ ಪ್ರಾಣ ಹಿಂಡುತ್ತಿತ್ತು. ಅವಳು ಸಂತೆಗೆ ಹೋದ ಹೊತ್ತು ನೋಡಿ ಇವತ್ತು ಮುಗಿಸಿಯೇ ಬಿಡುತ್ತೇನೆಂದು ಕೂತಿದ್ದ.

ಶಾಲುಗಳ ಕೆಳಗೆ, ಬೀರುವಿನ ತಳದಲ್ಲಿ, ಕಂದು ಕಾಗದದ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದರೆ ಮೂರು ಬಿಳಿ ಸಮವಸ್ತ್ರ. ಹೊಚ್ಚ ಹೊಸವು, ಇಸ್ತ್ರಿಯ ಗೆರೆ ಕೂಡ ಮುರಿದಿರಲಿಲ್ಲ. ಮೇಲೆ ಟೈಲರಮ್ಮನ ಚೀಟಿ: "ಸಿಸ್ಟರ್, ಮೂರು ಜೊತೆ, ಬುಧವಾರ."

ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸಾಗಿದ್ದವಳು. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುವುದು. ಆದರೆ ಅವಳು ನಿವೃತ್ತಳಾಗಿ ಎರಡು ತಿಂಗಳಾಗಿದೆ. ಚೀಟಿಯ ಮೂಲೆಯಲ್ಲಿ ತಾರೀಖೂ ಇತ್ತು, ಹೋದ ಬುಧವಾರದ್ದು. ಅವತ್ತು ಸಂಜೆ ಅವಳು ವ್ಯಾನಿನಲ್ಲಿ ತನ್ನ ಪಕ್ಕ ಕೂತು, ಪರದೆಗೆ ನೀಲಿಗಿಂತ ಹಸಿರೇ ಒಳ್ಳೆಯದು ಎಂದು ಹಟ ಹಿಡಿದದ್ದು ಮೇಸ್ತ್ರಿಗೆ ಚೆನ್ನಾಗಿ ನೆನಪಿದೆ. ಹೊರಡುವವಳಿಗೆ ಸಮವಸ್ತ್ರ ಯಾಕೆ? ಹೊರಡದವಳಿಗೆ ಪರದೆಯ ಉಸಾಬರಿ ಯಾಕೆ?

ಪೊಟ್ಟಣವನ್ನು ಎಡಗಡೆ ಇಟ್ಟ. ರಸ್ತೆಯ ಧೂಳಿನಲ್ಲಿ ಈ ಬಿಳಿ ಬಟ್ಟೆ ಹಾಕಿಕೊಂಡು ಇವಳು ಮಾಡುವುದೇನು? ಬಲಗಡೆ ಇಟ್ಟ. ಗುಟ್ಟಾಗಿ ಹೊಲಿಸಿಕೊಂಡದ್ದನ್ನು ಯಾರಿಗೋ ಕೊಡಲು ತಾನು ಯಾರು? ನೋಡಿಯೇ ಇಲ್ಲವೆಂಬಂತೆ ಶಾಲುಗಳ ಕೆಳಗೆ ತಳ್ಳಿದ. ಅಲ್ಲಿಂದಲೂ ತೆಗೆದು ಹಾಸಿಗೆಯ ಅಡಿಗೆ ತುರುಕಿ ಅದರ ಮೇಲೇ ಕೂತ. ಅರವತ್ತೆರಡು ವರ್ಷದವನು ಕದ್ದ ಮಿಠಾಯಿ ಬಚ್ಚಿಟ್ಟ ಹುಡುಗನಂತೆ ಕೂತಿರುವುದಕ್ಕೆ ಅವನಿಗೇ ನಾಚಿಕೆಯಾಯಿತು. ಗೇಟಿನ ಸದ್ದಾದಾಗ ಪೊಟ್ಟಣ ಅವನ ತೊಡೆಯ ಮೇಲಿತ್ತು.

"ಮುಗೀತಾ?" ಎನ್ನುತ್ತ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಇದನ್ನ ಯಾವ ಕಡೆ ಇಡ್ಲಿ?"

ಅವಳು ತರಕಾರಿ ಚೀಲ ಕೆಳಗಿಟ್ಟಳು. "ಅಷ್ಟು ತಳಕ್ಕೆ ಹೋದ್ರಾ?"

"ಆರಿಸಿ ಅಂದಿದ್ದು ನೀನೇ ಅಲ್ವೇನೇ?"

"ಸೇತುವೆ ಹತ್ರ ಹೊಸ ನರ್ಸಿಂಗ್ ಹೋಮ್ ಆಗಿದೆಯಲ್ಲ, ಅವರು ಕರೀತಿದಾರೆ. ಮೇಲೊಂದು ರೂಮೂ ಕೊಡ್ತಾರಂತೆ."

"ಹೂಂ ಅಂದ್ಯಾ?"

"ಇಲ್ಲ."

"ಹಾಗಾದ್ರೆ ಬರಲ್ಲ ಅಂದ್ಯಾ?"

"ಅದೂ ಅನ್ಲಿಲ್ಲ."

"ಮತ್ತೆ ಪರದೆ ಹಸಿರೇ ಇರ್ಲಿ ಅಂತ ಅಷ್ಟು ಜಗಳ ಆಡಿದ್ಯಲ್ಲೇ!"

"ಹಸಿರು ಚೆನ್ನಾಗಿತ್ತು ರೀ. ಅದರಲ್ಲಿ ಸುಳ್ಳೇನಿದೆ?"

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಒಂದು ವರ್ಷ ಎರಡು ಹಲಗೆ, ಎರಡು ದಿಂಬು, ಎರಡು ಲೋಟದ ಗೂಡು ಎಂದೇ ಅಳತೆ ಹಾಕುತ್ತ ಬಂದವನಿಗೆ, ಅವಳು 'ಬರ್ತೀನಿ' ಎಂದು ಬಾಯಿಬಿಟ್ಟು ಹೇಳಿದ ದಿನ ಯಾವುದೆಂದು ಈಗ ಹುಡುಕಿದರೆ ಸಿಗಲಿಲ್ಲ. 'ನೋಡೋಣ' ಎಂದಿದ್ದಳು. 'ನಿಮ್ಮಿಷ್ಟ' ಎಂದಿದ್ದಳು. ಮೊಳೆ ಹಿಡಿದುಕೊಡು ಎಂದಾಗ ಹಿಡಿದುಕೊಟ್ಟಿದ್ದಳು. ತಾನು ಕೇಳಿದ್ದಾದರೂ ಯಾವಾಗ?

ಅವಳು ಮಂಚದ ತುದಿಗೆ ಕೂತಳು. "ಒಂದ್ಸಲ ಗಾಡಿ ಹತ್ತೋಣ ಅನ್ಸುತ್ತೆ. ಬೆಳಿಗ್ಗೆ ಎದ್ರೆ ವಾರ್ಡಿನ ಗಂಟೆ ಹೊಡೀತು ಅನ್ಸುತ್ತೆ. ಯಾವುದು ಅಂತ ತೀರ್ಮಾನ ಮಾಡೋಕೆ ನನ್ನ ಕೈಯಲ್ಲಿ ಆಗ್ಲಿಲ್ಲ ರೀ. ಬೀರು ನಿಮಗೆ ಬಿಟ್ರೆ ನೀವೇ ಏನೋ ಒಂದು ಮಾಡ್ತೀರಿ ಅನ್ಕೊಂಡೆ."

"ಅಂದ್ರೆ ನನ್ನ ತಲೆಗೆ ಕಟ್ಟಿದೆ."

"ಕಟ್ಟಿದೆ," ಎಂದು ಒಪ್ಪಿಕೊಂಡಳು.

"ಇನ್ನೊಂದು ಹಲಗೆ ಹೊಡೀತೀನಿ. ಟ್ಯಾಂಕಿನ ಮೇಲೆ ನಾಲ್ಕಂಗುಲ ಜಾಗ ಇದೆ. ಇದೂ ಇರುತ್ತೆ, ಆ ಹಳದಿ ಸ್ವೆಟರೂ ಇರುತ್ತೆ."

"ಜಾಗದ ಮಾತಲ್ಲ ರೀ." ಸ್ವೆಟರನ್ನು ನೋಡಿ ಹುಬ್ಬೇರಿಸಿದಳು. "ಅದು ನಮ್ಮಕ್ಕಂದು. ಮರೆತುಹೋಗಿದ್ದು."

ಅಷ್ಟು ಗೊಂದಲದಲ್ಲೂ ಮೇಸ್ತ್ರಿಗೆ ಒಂದು ಕ್ಷಣ ನೆಮ್ಮದಿಯಾಯಿತು. ಅವಳು ಪೊಟ್ಟಣದಿಂದ ಒಂದು ಜೊತೆ ಎಳೆದುಕೊಂಡಳು. "ಅಳತೆ ಸರಿ ಇದೆಯೋ ಇಲ್ವೋ, ಅದನ್ನೂ ನೋಡಿಲ್ಲ," ಎಂದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಸ್ಪತ್ರೆಯ ಸಮವಸ್ತ್ರ ಗೇಟು ದಾಟಬಾರದೆಂದು ಅಲ್ಲಿ ಕಟ್ಟುನಿಟ್ಟು. ಒಗೆಯುವುದೂ ಅಲ್ಲೇ, ಬದಲಾಯಿಸುವುದೂ ಅಲ್ಲೇ. ಮೂವತ್ತೆರಡು ವರ್ಷ ದಿನಾ ಅವಳನ್ನು ಗೇಟಿನ ತನಕ ಬಿಟ್ಟು, ಗೇಟಿನಿಂದಲೇ ಕರೆದುಕೊಂಡು ಬಂದವನು ಅವನು. ಮಕ್ಕಳಾಗಲಿಲ್ಲ. ಹಾಗಾಗಿ ಆ ಗೇಟಿನ ಒಳಗೆ ಅವನಿಗೆ ಕೆಲಸವೂ ಬೀಳಲಿಲ್ಲ, ಸಮವಸ್ತ್ರದಲ್ಲಿ ಅವಳನ್ನು ನೋಡಿದ್ದೂ ಇಲ್ಲ.

ಬಾಗಿಲು ತೆರೆಯಿತು. ಬಿಳಿ ಬಟ್ಟೆಯ ಹೆಂಗಸೊಬ್ಬಳು ಕತ್ತಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದಳು. ಬೆನ್ನು ನೆಟ್ಟಗಿತ್ತು. ಸಂತೆಯಿಂದ ಸುಸ್ತಾಗಿ ಬಂದ ಮುಖ ಎಲ್ಲಿ ಹೋಯಿತೋ ಏನೋ. ಅವಳ ಕೈ ತಾನಾಗಿ ಎದೆಯ ಜೇಬಿಗೆ ಹೋಗಿ, ಅಲ್ಲಿಲ್ಲದ ಪೆನ್ನನ್ನು ತಡಕಿ ಬಂತು. ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಮೇಸ್ತ್ರಿ ಎದ್ದು ನಿಂತಿದ್ದ. ಯಾವಾಗ ಎದ್ದೆ, ಯಾಕೆ ಎದ್ದೆ ಎಂದು ಅವನಿಗೇ ತಿಳಿಯಲಿಲ್ಲ.

"ಬರ್ತೀಯಾ, ಇಲ್ವಾ? ಅದಷ್ಟು ಹೇಳು," ಎಂದ.

"ಮೊದಲು ಕೂತ್ಕೊಳ್ಳಿ."

ಗದರಿದ ದನಿಯಲ್ಲ ಅದು, ಬೇಡಿದ ದನಿಯೂ ಅಲ್ಲ. ಇಷ್ಟು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಎದುರಾಡಬಹುದೆಂದು ತೋಚಲೂ ಇಲ್ಲ. ಎರಡು ರಾಶಿಗಳ ನಡುವೆ ಜಾಗ ಮಾಡಿಕೊಂಡು ಕೂತ. ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಗಂಡಸಿನ ಹಾಗೆ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅವಳು ಬಾಯಿ ತೆರೆಯುವುದನ್ನೇ ಕಾಯತೊಡಗಿದ.